ಗಿಂಜಾದಲ್ಲಿ ಅನ್ನ, ನಾಲ್ಕನೇ ಮಹಡಿಯಲ್ಲಿ ಆಟ

ನಿಶಿಕಸಾಯಿಯಲ್ಲಿ ಹತ್ತಿದ ಟೋಜೈ ಮಾರ್ಗದ ರೈಲು ಅರಕಾವಾ ನದಿಯ ಸೇತುವೆಯ ಮೇಲೆ ಓಡುತ್ತಿದೆ. ಮೆಟ್ರೋ ಎಂದರೆ ನೆಲದಡಿಯ ಸುರಂಗ ಎಂದುಕೊಂಡು ಬಂದವನ ಕಣ್ಣಿಗೆ ಬೆಳಕೇ ಬೆಳಕು, ಎರಡೂ ಬದಿಗೆ ಅಗಲವಾದ ನೀರು. ನಾನು ಕೆಂಚನಗುಡ್ಡದವನು, ತುಂಗಭದ್ರೆಯ ದಂಡೆಯಲ್ಲಿ ಬೆಳೆದವನು. ಎಲ್ಲಿ ಹೊಳೆ ಕಂಡರೂ ಪಾತ್ರ ಎಷ್ಟಗಲ, ನೀರು ಯಾವ ಕಡೆಗೆ ಹರಿಯುತ್ತದೆ, ದಂಡೆಯ ಮೇಲೆ ಏನು ಬೆಳೆದಿದ್ದಾರೆ ಎಂದು ನೋಡದೆ ಇರಲಾರೆ. "ಇದು ತಾನಾಗೇ ಹರಿದ ಹೊಳೆ ಅಲ್ಲ ದೊಡ್ಡಪ್ಪ, ಮನುಷ್ಯರು ತೋಡಿದ್ದು" ಎನ್ನುತ್ತಾಳೆ ತಮ್ಮನ ಮಗಳು. 1910ರ ಮಹಾಪ್ರವಾಹ ಟೋಕಿಯೋವನ್ನು ಮುಳುಗಿಸಿದ ಮೇಲೆ, ನೆರೆನೀರನ್ನು ನೇರ ಸಮುದ್ರಕ್ಕೆ ಹಾಯಿಸಲೆಂದು ಅಗೆದ ಈ ಪಾತ್ರದ ಕೆಲಸ ಮುಗಿದದ್ದು 1930ರಲ್ಲಿ. ವಿಜಯನಗರದ ಅರಸರ ಕಾಲದ ಕಾಲುವೆ ಇಂದಿಗೂ ಸಿರುಗುಪ್ಪದ ಗದ್ದೆಗೆ ನೀರುಣಿಸುವುದನ್ನು ಕಂಡವನಿಗೆ ಮನುಷ್ಯರು ಹರಿಸಿದ ನೀರು ಹೊಸದಲ್ಲ. ಆದರೆ ತೋಡಿದ್ದೇ ನದಿಯಾಗಿ ನಿಂತದ್ದನ್ನು ನೋಡುತ್ತಿರುವುದು ಇದೇ ಮೊದಲು. ನೋಡುತ್ತಿರುವಂತೆಯೇ ರೈಲು ನೆಲದೊಳಕ್ಕೆ ಇಳಿಯುತ್ತದೆ.

ನಿಶಿಕಸಾಯಿಯಲ್ಲಿ ಭಾರತದವರು ಬಹಳ. ಎರಡು ಸಾವಿರದ ಇಸವಿಯ ಆಚೀಚೆ ಕಂಪ್ಯೂಟರ್ ಕೆಲಸಕ್ಕೆಂದು ಬಂದವರು ನೆಲೆಯೂರಿದ ಕಡೆ ಅದು. ತಮ್ಮನ ಮನೆಯೂ ಅಲ್ಲೇ. ಇಂದಿನ ಯೋಜನೆ ಹಾಕಿದವಳು ಅವನ ಮಗಳು: ಗಿಂಜಾದಲ್ಲಿ ಸುಶಿ ಊಟ, ಆಮೇಲೆ ಕಬುಕಿ ನಾಟಕ. ಆದರೆ ಎರಡಕ್ಕೂ ಜೇಬು ಖಾಲಿಯಾಗಬಾರದು. ಗಿಂಜಾದ ನೆಲ ಜಪಾನಿನಲ್ಲೇ ಅತಿ ದುಬಾರಿ ನೆಲ ಎಂದು ಕೇಳಿದ ಮೇಲೆ ಈ ಷರತ್ತು ನನಗೆ ಇನ್ನಷ್ಟು ಹಿಡಿಸಿತು. ಜೊತೆಗೆ ರಾಯಚೂರಿನ ಗೆಳೆಯರೊಬ್ಬರು ಇದ್ದಾರೆ. ಅವರು ಶುದ್ಧ ಶಾಕಾಹಾರಿ. ನಾನು ಹೊಳೆಯ ಮೀನಿನ ಸಾರು ಉಂಡು ಬೆಳೆದವನು. ಇಬ್ಬರಿಗೂ ಒಂದೇ ಅಂಗಡಿಯಲ್ಲಿ ಅಗ್ಗದಲ್ಲಿ ಹೊಟ್ಟೆ ತುಂಬಬೇಕು.

ಕಾಯಾಬಾಚೋದಲ್ಲಿ ಇಳಿದು ಹಿಬಿಯಾ ಮಾರ್ಗದ ರೈಲು ಹಿಡಿದು, ಎರಡನೇ ನಿಲ್ದಾಣವಾದ ತ್ಸುಕಿಜಿಯಲ್ಲಿ ಮೇಲೆ ಬರುತ್ತೇವೆ. ಮೀನಿನ ದೊಡ್ಡ ಸಗಟು ಮಾರುಕಟ್ಟೆ ಇಲ್ಲಿ 1935ರಿಂದ ಇತ್ತು. 2018ರಲ್ಲಿ ಅದು ಟೊಯೊಸುಗೆ ಹೋಯಿತು. ಹೊರಗಿನ ಬೀದಿಯ ಚಿಲ್ಲರೆ ಅಂಗಡಿಗಳು ಮಾತ್ರ ಹಾಗೇ ಉಳಿದಿವೆ. ಸಣ್ಣ ಸಣ್ಣ ಓಣಿಗಳು, ಒಣಗಿದ ಬಂಗಡೆ, ಕಡಲ ಪಾಚಿಯ ಕಟ್ಟುಗಳು, ಕೈಯುದ್ದದ ಚಾಕುಗಳು. ಚೌಕಾಕಾರದ ತಾಮ್ರದ ಬಾಣಲೆಯಲ್ಲಿ ಮೊಟ್ಟೆಯ ದೋಸೆಯನ್ನು ಮಡಿಸಿ ಮಡಿಸಿ ಇಟ್ಟಿಗೆಯಷ್ಟು ದಪ್ಪ ಮಾಡುವವನ ಮುಂದೆ ಜನ ಸಾಲುಗಟ್ಟಿದ್ದಾರೆ. ಕಡ್ಡಿಗೆ ಚುಚ್ಚಿ ಕೊಟ್ಟ ಒಂದು ತುಂಡು ತಿನ್ನುತ್ತೇನೆ, ಸಿಹಿಯಾಗಿದೆ. ತಿಂದ ಮೇಲೆ ಕಡ್ಡಿ ಎಸೆಯಲು ಕಸದ ಡಬ್ಬಿ ಹುಡುಕಿದರೆ ಊರಿನ ಬೀದಿಗಳಲ್ಲಿ ಡಬ್ಬಿ ಸಿಗುವುದೇ ಅಪರೂಪ, ಕಸವೂ ಅಷ್ಟೇ! ಕೊಂಡ ಅಂಗಡಿಗೇ ಹಿಂದಿರುಗಿಸಬೇಕು, ಇಲ್ಲವೇ ಮನೆತನಕ ಜೇಬಿನಲ್ಲಿಟ್ಟುಕೊಳ್ಳಬೇಕು. ಇಲ್ಲಿಯೇ ಊಟ ಮುಗಿಸೋಣವೆಂದರೆ ಮಧ್ಯಾಹ್ನ ಎರಡಾಗುತ್ತಿದ್ದಂತೆ ಅಂಗಡಿಗಳು ಒಂದೊಂದಾಗಿ ಬಾಗಿಲು ಎಳೆಯುತ್ತಿವೆ. ಬೆಳಗಿನ ಮೀನು, ಬೆಳಗಿನ ವ್ಯಾಪಾರ. ಸಂಜೆಯ ಊಟಕ್ಕೆ ಇದು ಸ್ಥಳವಲ್ಲ.

ಹತ್ತು ನಿಮಿಷದ ನಡಿಗೆ. ಗಾಜಿನ ಕಟ್ಟಡಗಳ ನಡುವೆ ತಟ್ಟನೆ ಬಾಗಿದ ಹೆಂಚಿನ ಮಾಡು, ಬಿಳಿ ಗೋಡೆ, ನೇರಳೆ ಬಟ್ಟೆ, ಕೆಂಪು ಕಾಗದದ ಲಾಟೀನುಗಳು ಕಾಣಿಸುತ್ತವೆ. ಇದೇ ಕಬುಕಿ-ಜಾ. 1889ರಲ್ಲಿ ಮೊದಲು ತೆರೆದ ಈ ರಂಗಮಂದಿರ 1921ರಲ್ಲಿ ಸುಟ್ಟಿತು. ಮರಳಿ ಕಟ್ಟುತ್ತಿದ್ದಾಗಲೇ 1923ರ ಭೂಕಂಪದ ಬೆಂಕಿ ಅದನ್ನೂ ನುಂಗಿತು. 1945ರಲ್ಲಿ ಬಾಂಬ್ ದಾಳಿಗೆ ಮತ್ತೆ ಉರಿಯಿತು. ಈಗ ನಾವು ನೋಡುತ್ತಿರುವುದು ವಾಸ್ತುಶಿಲ್ಪಿ ಕೆಂಗೊ ಕುಮಾ ರೂಪಿಸಿದ, 2013ರಲ್ಲಿ ತೆರೆದ ಕಟ್ಟಡ. ಹಿಂದೆ 29 ಅಂತಸ್ತಿನ ಕಚೇರಿ ಗೋಪುರ, ಮುಂದೆ ಹಳೆಯ ಮುಖವನ್ನೇ ಹೊತ್ತ ನಾಟಕಶಾಲೆ. ಎಷ್ಟು ಸಲ ಬೂದಿಯಾದರೂ ಅದೇ ಜಾಗದಲ್ಲಿ ಎದ್ದು ನಿಂತ ಆ ಹಟಕ್ಕೆ ನಾನು ರಸ್ತೆಯ ಈಚೆಯಿಂದಲೇ ಕೈಮುಗಿದೆ.

ಟಿಕೆಟ್ಟಿನ ವಿಷಯದಲ್ಲಿ ಇಲ್ಲಿ ಒಂದು ಸೊಗಸಾದ ಪದ್ಧತಿ ಇದೆ. ಕೆಳಗಿನ ಒಳ್ಳೆಯ ಸೀಟಿಗೆ 15,000 ಯೆನ್‌ಗೂ ಮೇಲೆ ಕೊಡಬೇಕು. ನೂರು ಯೆನ್ ಎಂದರೆ ಅಂದಾಜು ಅರವತ್ತು ರೂಪಾಯಿ. ಅಷ್ಟು ಹಣ ಇಲ್ಲದವರಿಗೆ, ಅಷ್ಟು ಹೊತ್ತು ಇಲ್ಲದವರಿಗೆ, ನಾಲ್ಕನೇ ಮಹಡಿಯಲ್ಲಿ ಒಂದೇ ಅಂಕ ನೋಡಿ ಹೋಗುವ ಟಿಕೆಟ್ ಉಂಟು. ಬೆಲೆ ಅಂಕದ ಉದ್ದವನ್ನು ನೋಡಿ ಒಂದೆರಡು ಸಾವಿರ ಯೆನ್ ಆಸುಪಾಸು. ತಮ್ಮನ ಮಗಳು ಹಿಂದಿನ ದಿನವೇ ಮೊಬೈಲಿನಲ್ಲಿ ಕಾದಿರಿಸಿದ್ದಳು. ನಮ್ಮ ಅಂಕ ಇರುವುದು ಸಂಜೆ ಆರೂವರೆಯ ಮೇಲೆ. ಅಂದರೆ ಊಟ ಹುಡುಕಲು ಹೊತ್ತು ಬೇಕಾದಷ್ಟಿದೆ.

ಶನಿವಾರವಾದ್ದರಿಂದ ಗಿಂಜಾದ ಮುಖ್ಯ ಬೀದಿಗೆ ವಾಹನಗಳಿಲ್ಲ. 1970ರಿಂದಲೂ ವಾರಾಂತ್ಯದ ಮಧ್ಯಾಹ್ನ ಈ ರಸ್ತೆ ನಡೆಯುವವರದ್ದು. ನಟ್ಟನಡುವೆ ಕುರ್ಚಿ, ಕೊಡೆ ಹಾಕಿದ್ದಾರೆ. ಮಕ್ಕಳು ಬಿಳಿ ಪಟ್ಟಿಯ ಮೇಲೆ ಕುಂಟುತ್ತ ಆಡುತ್ತಿದ್ದಾರೆ. ನಾಲ್ಕು ರಸ್ತೆ ಕೂಡುವಲ್ಲಿ 1932ರ ಕಟ್ಟಡದ ತಲೆಯ ಮೇಲೆ ಗಡಿಯಾರ. ಬಳ್ಳಾರಿಯ ರಾಯಲ್ ಸರ್ಕಲ್ಲಿನಲ್ಲೂ ಗಡಿಯಾರದ ಗೋಪುರ ಇದೆ. ಅದರ ಕೆಳಗೆ ರಸ್ತೆಯ ನಡುವೆ ಹೀಗೆ ಕುರ್ಚಿ ಹಾಕಿಕೊಂಡು ಕೂರುವ ಒಂದು ಭಾನುವಾರವನ್ನು ಊಹಿಸಿಯೇ ಖುಷಿಪಟ್ಟೆ.

ಈಗ ಸುಶಿಯ ಬೇಟೆ. ಮರದ ಬಾಗಿಲು, ಒಂದು ತುಂಡು ಬಟ್ಟೆ, ಕಿಟಕಿಯೇ ಇಲ್ಲದ ಮೊದಲ ಅಂಗಡಿಯ ಮುಂದೆ ಬೆಲೆಯ ಹಲಗೆಯೇ ಇಲ್ಲ. "ಬೆಲೆ ಬರೆದಿಲ್ಲ ಅಂದ್ರೆ ಒಳಗೆ ಹೋಗೋದು ಬೇಡ ದೊಡ್ಡಪ್ಪ." ಒಳಗೆ ಎಂಟೋ ಹತ್ತೋ ಆಸನ, ಬಾಣಸಿಗ ತನ್ನ ಇಷ್ಟದಂತೆ ಒಂದೊಂದೇ ತುತ್ತು ಮಾಡಿ ಕೊಡುವ ಊಟ. ಗಿಂಜಾದಲ್ಲಿ ಅಂಥದ್ದಕ್ಕೆ ತಲೆಗೆ 30,000 ಯೆನ್ ದಾಟುವುದು ಸಾಮಾನ್ಯ. ಎರಡನೆಯದರಲ್ಲಿ ಮಧ್ಯಾಹ್ನದ ಅಗ್ಗದ ತಟ್ಟೆ ಇತ್ತು, ಹೊತ್ತು ಮೀರಿದೆ. ಮೂರನೆಯದು ನಿಂತು ತಿನ್ನುವ ಅಂಗಡಿ. ಬೆಲೆ ಹಿತವಾಗಿದೆ, ಆದರೆ ಬೆಳಗಿನಿಂದ ನಡೆದ ಕಾಲುಗಳು ಕುರ್ಚಿ ಕೇಳುತ್ತಿವೆ. ಇಲ್ಲಿ ಅಂಗಡಿ ಹುಡುಕುವವನು ಮುಂದೆ ನೋಡಿದರೆ ಸಾಲದು, ಮೇಲೆಯೂ ನೋಡಬೇಕು. ಒಂದೇ ಕಟ್ಟಡದ ಏಳೆಂಟು ಮಹಡಿಗಳಲ್ಲಿ ಒಂದೊಂದು ಖಾನಾವಳಿ, ಪಕ್ಕಕ್ಕೆ ಏಣಿಯಂತೆ ಜೋಡಿಸಿದ ಫಲಕಗಳು. ಲಿಫ್ಟಿನ ಬಾಗಿಲು ತೆರೆದರೆ ನೇರ ಅಡುಗೆಮನೆಯ ಎದುರಿಗೇ ನಿಲ್ಲುತ್ತೇವೆ.

ಇಷ್ಟು ದುಬಾರಿಯಾದ ಈ ತಿಂಡಿ ಹುಟ್ಟಿದ್ದು ಎಲ್ಲಿ ಗೊತ್ತೇ? ಬೀದಿಯ ಗಾಡಿಯಲ್ಲಿ! ಬಹಳ ಹಿಂದೆ ಸುಶಿ ಎಂದರೆ ಮೀನನ್ನು ಉಪ್ಪು ಹಾಕಿ ಅನ್ನದಲ್ಲಿ ಹೂತು, ತಿಂಗಳುಗಟ್ಟಲೆ ಹುಳಿ ಬರಿಸಿ ಕಾಪಿಡುವ ವಿಧಾನ. ಮೀನು ತಿಂದು ಅನ್ನ ಬಿಸಾಡುತ್ತಿದ್ದರಂತೆ. ಭತ್ತ ಬೆಳೆಯುವ ಊರಿನ ನನಗೆ ಇದನ್ನು ಕೇಳಿ ಜೀವ ಚುರ್ ಎಂದಿತು. ಬಿವಾ ಸರೋವರದ ಸುತ್ತಲಿನವರು ಆ ಬಗೆಯದನ್ನು ಇಂದಿಗೂ ಮಾಡುತ್ತಾರೆ. 19ನೇ ಶತಮಾನದ ಆರಂಭದ ಎಡೋ ಪಟ್ಟಣದಲ್ಲಿ, ಅಂದರೆ ಇದೇ ಟೋಕಿಯೋದಲ್ಲಿ, ಯಾರಿಗೂ ಅಷ್ಟು ಕಾಯುವ ತಾಳ್ಮೆ ಇರಲಿಲ್ಲ. ಅನ್ನಕ್ಕೆ ವಿನೆಗರ್ ಬೆರೆಸಿದರೆ ಹುಳಿ ಕ್ಷಣದಲ್ಲಿ ಬರುತ್ತದೆ. ಅದನ್ನು ಮುಷ್ಟಿಯಲ್ಲಿ ಒತ್ತಿ, ಮೇಲೆ ಮೀನಿನ ಹೋಳಿಟ್ಟು ಕೊಟ್ಟರೆ ಗಿರಾಕಿ ನಿಂತಲ್ಲೇ ತಿಂದು ಹೋಗಬಹುದು. ಹನಾಯಾ ಯೋಹೇಯ್ ಎಂಬಾತ ಇದಕ್ಕೆ ಹೆಸರು ತಂದ. ಆಗಿನ ತುತ್ತು ಈಗಿನದಕ್ಕಿಂತ ಎರಡು ಮೂರು ಪಟ್ಟು ದೊಡ್ಡದು. ಬಡಗಿ, ಹಮಾಲಿ, ದೋಣಿ ನಡೆಸುವವನು ಎಲ್ಲರಿಗೂ ಅದು ಹಸಿವಿನ ಹೊತ್ತಿನ ಊಟ. ಹಾಗಾದರೆ ಅಗ್ಗದ ಸುಶಿ ಹುಡುಕುವ ನಾವು ಆ ಊಟದ ಮೂಲ ಗಿರಾಕಿಗಳ ಸಾಲಿನಲ್ಲೇ ನಿಂತಿದ್ದೇವೆ.

ಕೊನೆಗೂ ಒಂದು ಕಟ್ಟಡದ ಮೇಲ್ಮಹಡಿಯಲ್ಲಿ ತಟ್ಟೆಗಳು ಪಟ್ಟಿಯ ಮೇಲೆ ಓಡಾಡುವ ಅಂಗಡಿ ಸಿಗುತ್ತದೆ. ಬಾಗಿಲಲ್ಲಿ ಯಾರೂ ಸ್ವಾಗತಿಸುವುದಿಲ್ಲ. ಯಂತ್ರ ಒಂದು ಸಂಖ್ಯೆಯ ಚೀಟಿ ಕೊಡುತ್ತದೆ, ಇನ್ನೊಂದು ಯಂತ್ರ ಆ ಸಂಖ್ಯೆಯನ್ನು ಕೂಗುತ್ತದೆ. ಜಪಾನಿ ಅಂಕಿ ಅರ್ಥವಾಗದೆ ಪರದೆಯನ್ನೇ ದಿಟ್ಟಿಸುತ್ತ ಕೂರಬೇಕು. ಮೇಜಿನ ಬಳಿ ಸಣ್ಣ ನಲ್ಲಿ. ಲೋಟದಲ್ಲಿ ಹಸಿರು ಪುಡಿ ಹಾಕಿ ನಲ್ಲಿಗೆ ಒತ್ತಿದರೆ ಕುದಿಯುವ ನೀರು, ಚಹಾ ಸಿದ್ಧ. ಕೈತೊಳೆಯುವ ನಲ್ಲಿ ಎಂದು ಬೆರಳಿಟ್ಟರೆ ಸುಟ್ಟೀತು! ಚಿತ್ರ ನೋಡಿ ಪರದೆಯ ಮೇಲೆ ಬೆರಳಿಟ್ಟರೆ ಎರಡೇ ನಿಮಿಷಕ್ಕೆ ಪಟ್ಟಿಯ ಮೇಲೆ ತಟ್ಟೆ ಸರ್ರನೆ ಬಂದು ನಮ್ಮ ಮುಂದೆಯೇ ನಿಲ್ಲುತ್ತದೆ. ಮೊದಲೆಲ್ಲ ತಟ್ಟೆಗಳು ಸುಮ್ಮನೆ ಸುತ್ತುತ್ತಿದ್ದವು, ಬೇಕಾದವರು ಎತ್ತಿಕೊಳ್ಳುತ್ತಿದ್ದರು. ಈಗ ಹಲವು ಕಡೆ ಕೇಳಿದ್ದನ್ನು ಮಾತ್ರ ಕಳಿಸುತ್ತಾರೆ. ಅಗ್ಗದ ತಟ್ಟೆಗೆ 150 ಯೆನ್ ಆಸುಪಾಸು, ತಟ್ಟೆಗೆ ಎರಡು ತುತ್ತು.

ಮೊದಲ ತುತ್ತಿನಲ್ಲಿ ನನಗೆ ಬೇಕಾದದ್ದು ಮೀನಲ್ಲ, ಅನ್ನ. ನಮ್ಮ ಸೋನಾ ಮಸೂರಿ ಬೆಂದರೆ ಅಗುಳು ಅಗುಳಾಗಿ ಬಿಡಿಸಿಕೊಳ್ಳಬೇಕು. ಹಾಗೆ ಉದುರದಿದ್ದರೆ ಅಡುಗೆಯವರಿಗೆ ಮಾತು ಕೇಳುವುದು ತಪ್ಪುವುದಿಲ್ಲ. ಇಲ್ಲಿಯ ಅಕ್ಕಿ ಗಿಡ್ಡ, ದುಂಡು. ಒಂದನ್ನೊಂದು ಹಿಡಿದುಕೊಂಡೇ ಇರುತ್ತದೆ, ಆದರೆ ನಾಲಿಗೆಯ ಮೇಲೆ ಇಟ್ಟೊಡನೆ ಬಿಚ್ಚಿಕೊಳ್ಳುತ್ತದೆ. ವಿನೆಗರ್, ಸಕ್ಕರೆ, ಉಪ್ಪು ಮೂರೂ ಹದವಾಗಿ ಕೂಡಿದ, ಕೈಯ ಬಿಸಿಯಷ್ಟೇ ಬೆಚ್ಚಗಿನ ಅನ್ನ. ಜಾತ್ರೆಗೆ ಹೊರಟಾಗ ಅವ್ವ ಬಟ್ಟೆಯಲ್ಲಿ ಕಟ್ಟಿಕೊಡುತ್ತಿದ್ದ ಹುಳಿ ಬುತ್ತಿಯ ರುಚಿಗೆ ಇದು ದೂರದ ನೆಂಟ. ದೊಡ್ಡ ಅಂಗಡಿಗಳಲ್ಲಿ ಈ ಅನ್ನದ ಉಂಡೆಯನ್ನು ಯಂತ್ರವೇ ಒತ್ತುತ್ತದೆ. ಸುಜುಮೊ ಎಂಬ ಕಂಪನಿ ಅಂಥ ಮೊದಲ ಯಂತ್ರವನ್ನು 1981ರಲ್ಲಿ ತಂದಿತು. ಉಂಡೆಯ ಕೆಲಸ ಯಂತ್ರಕ್ಕೆ ಬಿಟ್ಟಿದ್ದರಿಂದಲೂ ಇದು ನಮ್ಮಂಥವರ ಕೈಗೆಟಕುವ ಬೆಲೆಗೆ ಇಳಿದಿದೆ.

ಹಸಿ ಮೀನು ತಿನ್ನಬಲ್ಲೆನೇ ಎಂಬ ಅಳುಕು ಇತ್ತು. "ಕಣ್ ಮುಚ್ಚಿ ಬಾಯಾಗ ಹಾಕ್ಕೊ ದೊಡ್ಡಪ್ಪ" ಎಂದಳು ಮಗಳು. ಕಣ್ಣು ತೆರೆದೇ ಹಾಕಿಕೊಂಡೆ. ಟ್ಯೂನಾ ಮೀನಿಗೆ ಮೀನಿನ ವಾಸನೆಯೇ ಇಲ್ಲ! ತಂಪಾಗಿ, ಮೆತ್ತಗೆ ಕರಗಿ, ಕೊನೆಗೆ ಒಂದು ಸಣ್ಣ ಉಪ್ಪಿನ ನೆನಪು ಉಳಿಸಿ ಹೋಯಿತು. ಆಮೇಲೆ ವಸಾಬಿ. ನಮ್ಮ ಗುಂಟೂರು ಮೆಣಸಿನಕಾಯಿ ನಾಲಿಗೆಯನ್ನು ಹಿಡಿದು ಬಹಳ ಹೊತ್ತು ಬಿಡುವುದಿಲ್ಲ. ಈ ಹಸಿರು ಮುದ್ದೆ ನಾಲಿಗೆಯನ್ನು ಮುಟ್ಟದೆ ಮೂಗಿನ ಮೂಲಕ ನೆತ್ತಿಗೆ ಏರಿ, ಕಣ್ಣಲ್ಲಿ ನೀರು ತರಿಸಿ, ಹತ್ತು ಎಣಿಸುವಷ್ಟರಲ್ಲಿ ಮಾಯ. ಬಳ್ಳಾರಿಯ ಮಿರ್ಚಿ ತಿಂದು ಗಟ್ಟಿಯಾದ ಬಾಯಿಗೂ ಇದು ಹೊಸ ದಾರಿಯ ಖಾರ. ರಾಯಚೂರಿನ ಗೆಳೆಯರ ಮುಂದೆ ಸೌತೆಕಾಯಿಯ ಸುರುಳಿ, ಮೂಲಂಗಿ ಉಪ್ಪಿನಕಾಯಿಯ ಸುರುಳಿ ಸಾಲಾಗಿ ಬಂದಿವೆ. ಸಿಹಿ ಮಾಡಿದ ಸೋಯಾ ಚೀಲದಲ್ಲಿ ಅನ್ನ ತುಂಬಿದ ಇನಾರಿಯನ್ನು ಮಾತ್ರ ಅವರು ಮುಟ್ಟಲಿಲ್ಲ. ಅದನ್ನು ಬೇಯಿಸುವ ರಸದಲ್ಲಿ ಒಣಮೀನಿನ ಸಾರ ಇರುವುದುಂಟು. ಸಸ್ಯಾಹಾರಿಗಳು ಜಪಾನಿನಲ್ಲಿ ಕಣ್ಣಿಗೆ ಕಾಣುವುದನ್ನಷ್ಟೇ ಅಲ್ಲ, ಕಾಣದ್ದನ್ನೂ ವಿಚಾರಿಸಿ ತಿನ್ನಬೇಕು. ಮೂವರೂ ಹೊಟ್ಟೆ ತುಂಬ ತಿಂದು ಎದ್ದಾಗ ತಲೆಗೆ 2,000 ಯೆನ್ ಕೂಡ ಆಗಿರಲಿಲ್ಲ.

ಆ ಬೆಲೆ ನನಗೆ ಇನ್ನೊಂದು ಕಾರಣಕ್ಕೆ ಬೆರಗು ತಂದಿತು. ನಿಶಿಕಸಾಯಿಯ ಅಂಗಡಿಯಲ್ಲಿ ಐದು ಕಿಲೋ ಅಕ್ಕಿಯ ಚೀಲದ ಬೆಲೆ ನೋಡಿ ಎದೆ ಧಸಕ್ಕೆಂದಿತ್ತು. 2025ರಲ್ಲಿ ಜಪಾನಿನಲ್ಲಿ ಅಕ್ಕಿಯ ಸರಾಸರಿ ಬೆಲೆ ಐದು ಕಿಲೋಗೆ 4,000 ಯೆನ್ ದಾಟಿ, ವರ್ಷದಲ್ಲೇ ಎರಡು ಪಟ್ಟಾಯಿತು. ಕಿಲೋಗೆ ಐನೂರು ರೂಪಾಯಿಯ ಹತ್ತಿರ! ಸಿರುಗುಪ್ಪದ ಮಿಲ್ಲುಗಳ ಮುಂದೆ ಭತ್ತದ ಲಾರಿಗಳ ಸಾಲು ನೋಡಿದವನಿಗೆ ಇದು ಕಲ್ಪನೆಗೂ ನಿಲುಕದ ದರ. ಆದರೂ ಅಂಗಡಿಯಲ್ಲಿ ಯಾವ ತಟ್ಟೆಯಲ್ಲೂ ಒಂದು ಅಗುಳು ಉಳಿದದ್ದು ನಾನು ಕಾಣಲಿಲ್ಲ. ಅನ್ನಕ್ಕೆ ಅಷ್ಟು ಮರ್ಯಾದೆ ಕೊಡುವ ಊರು ಎಷ್ಟು ದೂರವಿದ್ದರೂ ನಮ್ಮದೇ ಅನಿಸುತ್ತದೆ.

ಊಟದ ನಡುವೆ ಮಗಳು ಹೇಳಿದ ಒಂದು ಸಂಗತಿ ತಲೆಯಲ್ಲಿ ಸುತ್ತುತ್ತಲೇ ಇದೆ. ಈ ಓಡುವ ತಟ್ಟೆಯನ್ನು ಕಂಡುಹಿಡಿದವರು ಒಸಾಕಾದ ಕಡೆಯ ಶಿರಾಯಿಶಿ ಯೋಶಿಯಾಕಿ. ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಪಟ್ಟಿಯ ಮೇಲೆ ಸಾಗುವುದನ್ನು ನೋಡಿ, ಕಡಿಮೆ ಆಳುಗಳಲ್ಲಿ ಹೆಚ್ಚು ಜನರಿಗೆ ಉಣಬಡಿಸುವ ದಾರಿ ಅವರಿಗೆ ಹೊಳೆಯಿತು. ಅಂಗಡಿ ತೆರೆದದ್ದು 1958ರಲ್ಲಿ. ಕಬುಕಿಯ ತಿರುಗುವ ರಂಗಸ್ಥಳವನ್ನು ರೂಢಿಗೆ ತಂದವನೂ ಒಸಾಕಾದವನೇ, ನಾಟಕಕಾರ ನಾಮಿಕಿ ಶೋಜೊ. ಅದು 1758ರಲ್ಲಿ. ಸರಿಯಾಗಿ ಇನ್ನೂರು ವರ್ಷದ ಅಂತರದಲ್ಲಿ ಒಂದೇ ಸೀಮೆಯ ಇಬ್ಬರು, ಒಬ್ಬ ಆಟವನ್ನು ತಿರುಗಿಸಿದ, ಒಬ್ಬರು ಊಟವನ್ನು.

ಕಬುಕಿ-ಜಾದ ಅಡಿಯಲ್ಲಿ, ಮೆಟ್ರೋ ನಿಲ್ದಾಣಕ್ಕೆ ಅಂಟಿಕೊಂಡೇ, ಕೊಬಿಕಿಚೋ ಎಂಬ ಅಂಗಡಿಸಾಲು ಇದೆ. ನೆಲದಡಿಯಲ್ಲೇ ಒಂದು ಜಾತ್ರೆ. ಕರವಸ್ತ್ರ, ಬೀಸಣಿಗೆ, ಸಿಹಿ, ಮತ್ತು ನಾಟಕದ ವಿರಾಮದಲ್ಲಿ ಕುಳಿತಲ್ಲೇ ಉಣ್ಣುವ ಊಟದ ಪೆಟ್ಟಿಗೆಗಳು. ಇನಾರಿ ಮತ್ತು ಸುರುಳಿ ಸುಶಿಯನ್ನು ಜೋಡಿಸಿದ ಪೆಟ್ಟಿಗೆಯ ಹೆಸರು ಸುಕೆರೊಕು. 1713ರಲ್ಲಿ ಮೊದಲು ಆಡಿದ ಪ್ರಸಿದ್ಧ ಕಬುಕಿ ನಾಟಕದ ನಾಯಕನ ಹೆಸರದು! ಮೊದಲೇ ಗೊತ್ತಿದ್ದರೆ ಊಟವನ್ನು ಇಲ್ಲಿಯೇ ಕೊಳ್ಳುವವರೂ ಇದ್ದಾರು, ದರವೂ ಜೇಬಿಗೆ ಹಿತವೇ. ನಮ್ಮ ಕಡೆ ಬಯಲಾಟದ ರಾತ್ರಿ ಅಟ್ಟದ ಪಕ್ಕದಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಬಂಡಿ ನಿಲ್ಲದಿದ್ದರೆ ಆಟ ಕಳೆಗಟ್ಟುವುದಿಲ್ಲ. ಹೊಟ್ಟೆಗೂ ರಂಗಕ್ಕೂ ಇರುವ ನಂಟು ಎಲ್ಲ ಕಡೆಯೂ ಒಂದೇ.

ಬೇರೆ ಬಾಗಿಲು, ಬೇರೆ ಲಿಫ್ಟ್. ನಾಲ್ಕನೇ ಮಹಡಿಯ ಸೀಟುಗಳು ಕಡಿದಾಗಿ ಇಳಿಯುತ್ತವೆ, ಮೊಣಕಾಲಿಗೆ ಮುಂದಿನ ಸೀಟು ತಾಗುತ್ತದೆ. ಕೆಳಗೆ ಕಪ್ಪು, ಕಿತ್ತಳೆಗಂದು, ಹಸಿರು ಪಟ್ಟೆಯ ಪರದೆ. ಕಟ್ಟಿಗೆ ತುಂಡುಗಳ ಟಕ್ ಟಕ್ ಸದ್ದು ಏರುತ್ತ ಏರುತ್ತ ಬಂದು ಪರದೆ ಪಕ್ಕಕ್ಕೆ ಓಡಿತು. ನಾಟಕ ಕಂಜಿಂಚೋ, 1840ರಲ್ಲಿ ಮೊದಲು ಆಡಿದ್ದು. ದೊಡ್ಡ ಪೈನ್ ಮರ ಬರೆದ ಹಿನ್ನೆಲೆ, ಅದರ ಮುಂದೆ ಸಾಲಾಗಿ ಕುಳಿತ ಹಾಡುಗಾರರು, ಶಾಮಿಸೆನ್ ಮೀಟುವವರು, ಕೆಳಗಿನ ಸಾಲಿನಲ್ಲಿ ಡೋಲು, ಕೊಳಲು. ಹಿಮ್ಮೇಳ ಕಣ್ಣೆದುರಿಗೇ ಕುಳಿತಿದೆ! ದೊಡ್ಡಾಟ ನೋಡಿದವನಿಗೆ ಇನ್ನೇನು ಬೇಕು.

ಅಣ್ಣನ ಕೋಪಕ್ಕೆ ಗುರಿಯಾಗಿ ಓಡುತ್ತಿರುವ ಯೋಶಿತ್ಸುನೆ ಕೂಲಿಯವನ ವೇಷದಲ್ಲಿದ್ದಾನೆ. ಅವನ ಬಂಟ ಬೆಂಕೇಯ್ ಸನ್ಯಾಸಿಯ ವೇಷದಲ್ಲಿ. ಗಡಿಯ ಠಾಣೆಯಲ್ಲಿ ಅಧಿಕಾರಿ ತೊಗಾಶಿ ತಡೆಯುತ್ತಾನೆ. ದೇಗುಲಕ್ಕೆ ದೇಣಿಗೆ ಎತ್ತುವವರಾದರೆ ಆ ಪತ್ರ ಓದಿ ತೋರಿಸಿ ಎನ್ನುತ್ತಾನೆ. ಬೆಂಕೇಯ್ ಖಾಲಿ ಸುರುಳಿಯನ್ನು ಬಿಚ್ಚಿ, ಇಲ್ಲದ ಅಕ್ಷರಗಳನ್ನು ಗಂಭೀರವಾಗಿ ಓದುತ್ತಾನೆ. ಅನುಮಾನ ಕೂಲಿಯವನ ಮೇಲೆ ಬಿದ್ದಾಗ, ತನ್ನ ಒಡೆಯನನ್ನೇ ಕೋಲಿನಿಂದ ಹೊಡೆಯುತ್ತಾನೆ. ತೊಗಾಶಿಗೆ ಎಲ್ಲ ತಿಳಿಯಿತು. ಒಡೆಯನನ್ನು ಉಳಿಸಲು ಹೊಡೆಯುವ ಬಂಟನ ಸಂಕಟವೂ ತಿಳಿಯಿತು. ಬಿಟ್ಟುಬಿಡುತ್ತಾನೆ. ಬಾಡಿಗೆಗೆ ಪಡೆದ ಪುಟ್ಟ ಪರದೆಯಲ್ಲಿ ಇಂಗ್ಲಿಷ್ ಸಾಲುಗಳು ಬರುತ್ತಿದ್ದವು. ಆ ಹೊಡೆತದ ಹೊತ್ತಿಗೆ ನಾನು ಅದನ್ನು ನೋಡುವುದನ್ನೇ ಬಿಟ್ಟಿದ್ದೆ. ನಟ ಕಣ್ಣು ಹಿಗ್ಗಿಸಿ, ಕೈಕಾಲು ಬಿಗಿದು ಕ್ಷಣಕಾಲ ಶಿಲೆಯಾಗಿ ನಿಂತಾಗ ನಮ್ಮ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಗಟ್ಟಿ ದನಿಯಲ್ಲಿ ನಟನ ಮನೆತನದ ಹೆಸರು ಕೂಗಿದರು. ಹೀಗೆ ಕೂಗುವ ಹಳೆಯ ರಸಿಕರು ಕೂರುವುದು ಈ ಅಗ್ಗದ ಮೇಲ್ಮಹಡಿಯಲ್ಲೇ. ಕಂಪನಿ ನಾಟಕಗಳಲ್ಲಿ "ಒನ್ಸ್ ಮೋರ್" ಎಂದು ಕೂಗುವವರೂ ಹಿಂದಿನ ಸಾಲಿನವರೇ ಅಲ್ಲವೇ! ಕೊನೆಗೆ ಬೆಂಕೇಯ್ ಒಬ್ಬನೇ ಪ್ರೇಕ್ಷಕರ ನಡುವೆ ಹಾದ ಕಾಲುದಾರಿಯಲ್ಲಿ ಒಂದೊಂದೇ ಕಾಲಿನ ಮೇಲೆ ನೆಗೆಯುತ್ತ ಒಡೆಯನ ಹಿಂದೆ ಧಾವಿಸುತ್ತಾನೆ. ಮೇಲಿನಿಂದ ಆ ದಾರಿಯ ಮುಂದಿನ ತುಂಡು ಮಾತ್ರ ಕಾಣುತ್ತದೆ. ಅಷ್ಟೇ ಸಾಕಾಯಿತು.

ರಂಗದ ಮೇಲೆ ಇದ್ದವರೆಲ್ಲ ಗಂಡಸರು. ಕಬುಕಿಯನ್ನು ಆರಂಭಿಸಿದ್ದು ಮಾತ್ರ ಹೆಂಗಸು. 1603ರಲ್ಲಿ ಕ್ಯೋಟೋದಲ್ಲಿ ಕುಣಿದು ಜನರನ್ನು ಮರುಳುಗೊಳಿಸಿದ ಒಕುನಿ. 1629ರಲ್ಲಿ ಸರ್ಕಾರ ಹೆಂಗಸರನ್ನು ರಂಗದಿಂದ ಹೊರಹಾಕಿತು. ಅಂದಿನಿಂದ ಸ್ತ್ರೀಪಾತ್ರಕ್ಕೂ ಗಂಡಸರೇ. ನನಗೆ ನಮ್ಮ ಬಳ್ಳಾರಿ ರಾಘವರು (1880–1946) ನೆನಪಾದರು. ವಕೀಲಿಕೆ ಮಾಡುತ್ತಲೇ ರಂಗವನ್ನು ಆಳಿದ ಅವರು, ಸ್ತ್ರೀಪಾತ್ರವನ್ನು ಸ್ತ್ರೀಯರೇ ಮಾಡಬೇಕೆಂದು ಹಟ ಹಿಡಿದು ಹೆಣ್ಣುಮಕ್ಕಳನ್ನು ರಂಗಕ್ಕೆ ತಂದವರು. ಒಕುನಿಯ ನೆಲದಲ್ಲಿ ಕುಳಿತು ಅವರ ಧೈರ್ಯದ ಅಳತೆ ಇನ್ನೂ ಚೆನ್ನಾಗಿ ಸಿಕ್ಕಿತು.

ಹೊರಗೆ ಬಂದಾಗ ಲಾಟೀನುಗಳು ಹೊತ್ತಿವೆ. ಈ ಸಂಜೆ ನನಗೆ ಕಲಿಸಿದ್ದು ಇಷ್ಟು: ದೊಡ್ಡ ಕಲೆಯಾಗಲಿ, ಒಳ್ಳೆಯ ಊಟವಾಗಲಿ, ಸಣ್ಣ ಜೇಬಿನವರಿಗೆ ಒಂದು ಬಾಗಿಲನ್ನು ತೆರೆದೇ ಇಟ್ಟರೆ ಮಾತ್ರ ಜನರ ನಡುವೆ ಬದುಕಿರುತ್ತದೆ. ಒಂದು ಅಂಕದ ಟಿಕೆಟ್, ಎರಡು ತುತ್ತಿನ ತಟ್ಟೆ. ನಮ್ಮ ದೊಡ್ಡಾಟ ರಾತ್ರಿಯಿಡೀ ನಡೆಯುತ್ತದೆ, ಅದರ ಹಿರಿಮೆಯೂ ಅದೇ. ಆದರೆ ಬೆಳಿಗ್ಗೆ ಕಾಲೇಜಿಗೆ, ಕೆಲಸಕ್ಕೆ ಹೋಗಬೇಕಾದ ಹುಡುಗ ಹುಡುಗಿಯರಿಗೆ ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ ಶನಿವಾರ ಸಂಜೆ ಒಂದೇ ಪ್ರಸಂಗದ ಒಂದೇ ಭಾಗ, ಬಾಗಿಲಲ್ಲಿ ಒಗ್ಗರಣೆ ಮಿರ್ಚಿ, ಒಟ್ಟು ನೂರು ರೂಪಾಯಿಯೊಳಗೆ ಸಿಕ್ಕರೆ? ಒಂದು ಭಾಗ ನೋಡಿದವರು ಮುಂದಿನ ಸುಗ್ಗಿಗೆ ಇಡೀ ರಾತ್ರಿ ಕೂರಲು ಕೆಂಚನಗುಡ್ಡಕ್ಕೇ ಬಂದಾರು. ಊರಿಗೆ ಮರಳಿದ ಮೇಲೆ ನಮ್ಮ ಆಟದ ಮೇಳದವರ ಮುಂದೆ ಈ ಮಾತು ಇಡುತ್ತೇನೆ. ಅದಕ್ಕೆ ಮೊದಲು ಒಸಾಕಾ ನೋಡುವುದಿದೆ. ರಂಗ ಮೊದಲು ತಿರುಗಿದ ಡೋಟೊನ್‌ಬೊರಿಯ ಬೀದಿಯಲ್ಲಿ ನಡೆದು, ತಟ್ಟೆ ಮೊದಲು ತಿರುಗಿದ ಸೀಮೆಯಲ್ಲಿ ಇನ್ನೊಮ್ಮೆ ಉಣ್ಣಬೇಕು. ಮಗಳು ಆಗಲೇ ಮೊಬೈಲಿನಲ್ಲಿ ಅಗ್ಗದ ರಾತ್ರಿ ಬಸ್ಸು ಹುಡುಕುತ್ತಿದ್ದಾಳೆ.